ಕೆಂಪು ದಾರದ ಓತಿ

ನಮ್ಮ ಆಂಬ್ರೋಸ್ ಪುಕ್ಕಲ ಅನ್ನುವುದು ಊರಿನ ನಾಯಿಗಳಿಗೂ ಗೊತ್ತು. ಬೇರೆಯವರನ್ನು ಕಂಡರೆ ಬಾಲ ಮುದುರಿಕೊಂಡು ಹೋಗುವ ಬಡಕಲು ನಾಯಿಗಳು ಅವನನ್ನು ಕಂಡರೆ ಎದ್ದು ನಿಂತು ಬೊಗಳುತ್ತವೆ. ಆಳು ನೋಡಿದರೆ ಬಾಗಿಲಿಗೆ ಅಡ್ಡ ನಿಂತಾಗ ಬೆಳಕು ಒಳಗೆ ಬರಬಾರದು, ಅಂಥ ದೇಹ. ಗೂಬೆ ಕೂಗಿದರೆ ಮಾತ್ರ ಕಂಬಳಿ ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಗುಡುಗಿದರೆ ಕೈಯಲ್ಲಿದ್ದ ತಟ್ಟೆ ಕೆಳಗಿಡುತ್ತಾನೆ. ನನ್ನ ತಂಗಿ ಲೊರೆಟ ಅವನನ್ನೇ ಕಟ್ಟಿಕೊಳ್ಳುತ್ತೇನೆ ಅಂದಾಗ ನಾನು, "ಲೇ, ಆ ಮನೇಲಿ ನೀನೇ ಗಂಡಸಾಗಬೇಕಾಗುತ್ತೆ ನೋಡ್ಕೋ" ಅಂದಿದ್ದೆ. ಅವಳು ನಕ್ಕು, "ಆಗ್ತೀನಿ ಬಿಡಕ್ಕ" ಅಂದಳು.

ಕೆಲಸ ನೋಡಿದರೆ ಎದೆಗಾರರದ್ದು. ಬೇಸಿಗೆ ಮಳೆಗೆ ಕೊಚ್ಚಿಹೋದ ಮಣ್ಣು ರಸ್ತೆಗಳನ್ನು ಹೆರೆದು ಸಮ ಮಾಡುವ ದೊಡ್ಡ ಹಳದಿ ಯಂತ್ರ ಇದೆಯಲ್ಲ, ಗ್ರೇಡರ್, ಅದನ್ನು ಓಡಿಸುತ್ತಾನೆ. ಬಾಬೊಕಿವಾರಿ ಬೆಟ್ಟದ ಬುಡದಿಂದ ದೇಶದ ಗಡಿ ಬೇಲಿಯ ತನಕ, ಈ ಮರುಭೂಮಿಯಲ್ಲಿ ಮೊದಲಿನಿಂದ ಇರುವ ನಮ್ಮ ಓಧಮ್ ಜನ ಓಡಾಡುವ ರಸ್ತೆಯೆಲ್ಲ ಅವನು ಹೆರೆದದ್ದೇ. ಒಬ್ಬನೇ ಹೋಗಬೇಕು, ಬೆಳಗಿನಿಂದ ಸಂಜೆವರೆಗೆ ಮನುಷ್ಯರ ಸುಳಿವಿರುವುದಿಲ್ಲ. ಹೆದರಿಕೆ ಆಗಲ್ವೇನಯ್ಯಾ ಅಂತ ಕೇಳಿದರೆ, "ಅಷ್ಟು ಸದ್ದಿನಲ್ಲಿ ಹೆದರಿಕೆ ಕೇಳಿಸೋದೇ ಇಲ್ಲ ಅಕ್ಕ" ಅಂದ. ಆ ಮಾತಿಗೆ ನಾನು ವಾರಗಟ್ಟಲೆ ನಕ್ಕಿದ್ದೇನೆ.

ಈ ಓತಿಯ ವಿಷಯ ನಡೆದ ವರ್ಷ ಲೊರೆಟ ಬಸುರಿ. ಅದಕ್ಕೆ ಮುಂಚೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮೊದಲನೆಯದು ಬೇಗ ಹೋಯಿತು. ಎರಡನೆಯದು ಹೆಣ್ಣು, ಮುಖ ಮೂಗು ಎಲ್ಲ ಮೂಡಿತ್ತು. ಗುಡ್ಡದ ಬದಿಯ ಸ್ಮಶಾನದಲ್ಲಿ ಅದಕ್ಕೊಂದು ಪುಟ್ಟ ಬಿಳಿ ಶಿಲುಬೆ ಇದೆ, ಆಂಬ್ರೋಸನೇ ಬಣ್ಣ ಹೊಡೆದದ್ದು. ಈ ಸಲ ಐದು ತಿಂಗಳು ದಾಟಿತ್ತು, ಕೆಲಸಕ್ಕೆ ಆಸರೆಯಾಗಲಿ ಅಂತ ನಾನೂ ಅವರ ಮನೆಯಲ್ಲೇ ಇದ್ದೆ. ಯಾರೂ ಗಟ್ಟಿಯಾಗಿ ಉಸಿರಾಡುತ್ತಿರಲಿಲ್ಲ. ತೊಟ್ಟಿಲಿನ ಮಾತು ಎತ್ತುವಂತಿರಲಿಲ್ಲ. ಇದೂ ಹೋದರೆ ಲೊರೆಟ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ದೇಹ ಉಳಿದೀತು, ಅವಳು ಉಳಿಯುವುದಿಲ್ಲ.

ನಮ್ಮಲ್ಲಿ ಹೆಂಡತಿ ಬಸುರಿಯಾದರೆ ಗಂಡನೂ ನೋಡಿಕೊಂಡು ಹೆಜ್ಜೆ ಇಡಬೇಕು. ಮೊಲ, ಜಿಂಕೆ, ಹಾವು, ಹದ್ದು ಯಾವುದಕ್ಕೂ ಸುಮ್ಮನೆ ನೋವು ಮಾಡಬಾರದು. ಮಾಡಿದರೆ ಅದರ ಬೇನೆ ಅವನನ್ನು ಹಿಡಿಯುವುದಿಲ್ಲ, ಹೊಟ್ಟೆಯಲ್ಲಿರುವ ಕೂಸನ್ನು ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಕೊಂಬಿನ ಓತಿಗೆ. ಅಂಗೈಯಗಲ ಇರುತ್ತದೆ, ಚಪ್ಪಟೆ, ಮಣ್ಣಿನದೇ ಬಣ್ಣ, ತಲೆಯ ಸುತ್ತ ಮುಳ್ಳಿನ ಕಿರೀಟ. ಮುತ್ತಜ್ಜ ಅಂತಲೇ ಕರೆಯುವುದು. ಅಪ್ಪಿತಪ್ಪಿ ತುಳಿದರೆ ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿ, "ಮುತ್ತಜ್ಜ, ನನ್ನ ರಕ್ತ ಕುಡಿ" ಅಂತ ಹೇಳಿ, ಬಿಟ್ಟುಬಿಡಬೇಕು. ಇಷ್ಟೇ. ಇದು ನಮ್ಮೂರಿನ ಮೂಗು ಸೋರುವ ಮಕ್ಕಳಿಗೂ ಬಾಯಿಪಾಠ.

ಮೊದಲ ಮಳೆ ಬಿದ್ದ ಮೇಲೆ ಆಂಬ್ರೋಸ್ ಯಾಕೋ ಸರಿ ಇರಲಿಲ್ಲ. ಕೆಲಸದಿಂದ ಬಂದವನು ಮನೆಯೊಳಗೆ ಹೋಗುತ್ತಿರಲಿಲ್ಲ, ಹಿತ್ತಲ ಕಡೆಯೇ ಸುತ್ತುತ್ತಿದ್ದ. ಅವನ ಅಂಗಿ ಒಗೆಯಲು ತೆಗೆದರೆ ಜೇಬಿನಿಂದ ಕೆಂಪಿರುವೆಗಳು ಹರಿದು ಬಂದವು. ಒಂದು ನನ್ನ ಮಣಿಕಟ್ಟಿಗೆ ಕುಟುಕಿತು ನೋಡಿ, ಆ ಉರಿ ಸಂಜೆಯಾದರೂ ಇಳಿಯಲಿಲ್ಲ. ಅವನ ಬೆರಳುಗಳನ್ನು ನೋಡಿದೆ, ಬೇಯಿಸಿದ ಗೆಣಸಿನ ಹಾಗೆ ಊದಿದ್ದವು.

ಮರುದಿನ ಲೊರೆಟ ಚಪ್ಪರದ ನೆರಳಿನಲ್ಲಿ ಮಲಗಿದ್ದಾಗ ನಾನು ಅವನ ಹಿಂದೆಯೇ ಹೋದೆ. ಜಾಲಿ ಮರದ ಆಚೆ ಇರುವೆ ಗೂಡಿನ ಮುಂದೆ ಇಷ್ಟು ದೊಡ್ಡ ಆಳು ಮಂಡಿಯೂರಿ ಕೂತಿದ್ದ. ಗೂಡಿನ ಬಾಯಿಗೆ ಕಡ್ಡಿ ಚುಚ್ಚುವುದು, ಇರುವೆ ಹತ್ತಿದ ಮೇಲೆ ಕಾಫಿ ಡಬ್ಬಿಯೊಳಗೆ ಕೊಡವುವುದು. ಕೈಮೇಲೆ ಹತ್ತಿದ್ದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ.

"ಏನಯ್ಯಾ ಇದು, ಇರುವೆ ಸಾರು ಮಾಡ್ತೀಯಾ?" ಅಂದೆ.

ಅವನು ಬೆಚ್ಚಿಬಿದ್ದು ಡಬ್ಬಿಯನ್ನೇ ಚೆಲ್ಲಿಬಿಟ್ಟ. "ಅಯ್ಯೋ ಡೆಲ್ಫಿನಕ್ಕ, ಚೆಲ್ಲಿಸಿಬಿಟ್ಯಲ್ಲ! ನಿನ್ನೆಯಿಂದ ಅದರ ಹೊಟ್ಟೆಗೆ ಏನೂ ಇಲ್ಲ" ಅಂತ ಅಳುವ ಹಾಗೆ ಅಂದ.

"ಯಾರ ಹೊಟ್ಟೆಗೆ?"

ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಹಳೆಯ ತಗಡಿನ ಬಾನಿ, ಅರ್ಧ ಮರಳು, ಮೇಲೆ ಕೋಳಿಬಲೆಯ ಮುಚ್ಚಳ. ಅದನ್ನು ಎತ್ತಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮರಳೇ ಕಣ್ಣು ಬಿಟ್ಟಿತು. ಕುತ್ತಿಗೆಯಲ್ಲಿ ಕೆಂಪು ದಾರ, ಹಿಂದಿನ ಎಡಗಾಲು ತಿರುಚಿಕೊಂಡು ಪಕ್ಕಕ್ಕೆ ಬಿದ್ದಿತ್ತು.

"ಯಾವಾಗ?" ಅಂದೆ.

"ಮಳೆಯಾದ ಮಾರನೇ ದಿನ. ಗ್ರೇಡರ್ ಅಲಗಿಗೆ ಸಿಕ್ತು. ನಾನು ನೋಡ್ಲಿಲ್ಲ ಅಕ್ಕ, ದೇವರಾಣೆ ನೋಡ್ಲಿಲ್ಲ. ಮಣ್ಣಿನ ಜೊತೆ ಹೊರಳ್ತಾ ಬಂತು. ಗಾಡಿ ಹಿಂದೆ ಕಟ್ಟಿರೋ ಕೆಂಪು ಬಾವುಟದಿಂದ ದಾರ ಕಿತ್ತು ಕಟ್ಟಿದೆ. ಮಾತೂ ಹೇಳಿದೆ. ತಪ್ಪಿಲ್ಲದೆ ಹೇಳಿದೆ."

"ಹೇಳಿ ಬಿಡ್ಬೇಕಾಗಿತ್ತು!"

"ಬಿಟ್ಟೆ. ಅದು ಹೋಗ್ಲೇ ಇಲ್ಲ. ಅಲ್ಲೇ ಒಂದು ಓಟದ ಹಕ್ಕಿ, ಹಲ್ಲಿ ಓತಿ ಹಿಡ್ದು ತಿನ್ನುತ್ತಲ್ಲ ಅದು, ನಿಂತ್ಕೊಂಡು ಕಾಯ್ತಾ ಇತ್ತು. ನಾನು ಈಚೆಗೆ ಬಂದಿದ್ರೆ ಮುಗೀತು. ನನ್ನಿಂದ ಸತ್ತ ಹಾಗಾಗ್ತಿರ್ಲಿಲ್ವಾ? ಆಗ ಇವಳ ಹೊಟ್ಟೆ..." ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ.

ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಬೇರೆ ಯಾವನಾದರೂ ಆಗಿದ್ದರೆ ದಾರ ಕಟ್ಟಿ, ಮಾತು ಹೇಳಿ, ಗಾಡಿ ಹತ್ತಿ ಹೋಗಿರುತ್ತಿದ್ದ. ಈ ಪುಕ್ಕಲ ಹೆದರಿ ಹೆದರಿ ಮುತ್ತಜ್ಜನನ್ನೇ ಸೆರೆ ಹಿಡಿದು ಮನೆಗೆ ತಂದಿದ್ದ. ನಮ್ಮ ಜನದಲ್ಲಿ ಯಾರಾದರೂ ಓತಿ ಸಾಕಿದ್ದನ್ನು ನಾನು ಕೇಳಿಲ್ಲ.

"ಲೊರೆಟಂಗೆ ಹೇಳ್ಬೇಡ" ಅಂದ.

"ಹೇಳೋಕೆ ನಂಗೇನು ಹುಚ್ಚಾ?" ಅಂದೆ.

ಅವತ್ತಿನಿಂದ ಆ ಹೆದರಿಕೆಯಲ್ಲಿ ನನಗೂ ಪಾಲು ಬಂತು. ಮೊದಮೊದಲು ಅದು ಏನು ಕೊಟ್ಟರೂ ಮುಟ್ಟಲಿಲ್ಲವಂತೆ. ನೊಣ ಹಿಡಿದು ಕೊಟ್ಟ, ಜೀರುಂಡೆ ಕೊಟ್ಟ, ಕೊನೆಗೆ ತನ್ನ ತಟ್ಟೆಯ ಮಾಂಸದ ಚೂರನ್ನೂ ಇಟ್ಟನಂತೆ. "ಇನ್ನೇನು, ರೊಟ್ಟಿ ಮೇಲೆ ಅವರೆಕಾಳು ಹಾಕಿ ಕೊಡ್ಬೇಕಾಗಿತ್ತು" ಅಂದೆ. ಅದಕ್ಕೆ ಬೇಕಾದ್ದು ಜೀವಂತ ಕೆಂಪಿರುವೆ, ಬೇರೆ ಏನೂ ಅಲ್ಲ. ಡಬ್ಬಿ ಬಗ್ಗಿಸಿ ಇರುವೆ ಬಿಟ್ಟರೆ ಮೊದಲು ಕಲ್ಲಿನ ಹಾಗೆ ಕೂತಿರುತ್ತದೆ. ಇರುವೆ ಮೂಗಿನ ಮುಂದೆ ಬಂದಾಗ ತಲೆ ಸ್ವಲ್ಪ ಓರೆ ಮಾಡುತ್ತದೆ. ಟಪ್, ಇರುವೆ ಇಲ್ಲ. ನಾಲಿಗೆ ಬಂದದ್ದೂ ಕಾಣುವುದಿಲ್ಲ, ಹೋದದ್ದೂ ಕಾಣುವುದಿಲ್ಲ. ಅದು ತಿನ್ನುವಷ್ಟು ಹೊತ್ತು ಆಂಬ್ರೋಸ್ ಬಾನಿಯ ಪಕ್ಕ ಕೂತು, "ತಿನ್ನು ಮುತ್ತಜ್ಜ, ಇನ್ನೊಂದು ತಿನ್ನು, ಇದು ದಪ್ಪದ್ದು" ಅನ್ನುತ್ತಿದ್ದ. ತಿಂದ ದಿನ ಅವನೂ ಉಣ್ಣುತ್ತಿದ್ದ. ತಿನ್ನದ ದಿನ ಲೊರೆಟ ಬಡಿಸಿದ್ದನ್ನು ನಾಯಿಗೆ ಹಾಕುತ್ತಿದ್ದ.

ತಡೆಯಲಾರದೆ ನಾನು ಸಿಪ್ರಿಯಾನೊ ತಾತನ ಹತ್ತಿರ ಹೋದೆ. ಓತಿಯ ಬೇನೆ ಹಿಡಿದವರಿಗೆ ಹಾಡಿ ಇಳಿಸುವವನು ಅವನೊಬ್ಬನೇ ಉಳಿದಿದ್ದ. ಮನೆಯ ಮುಂದೆ ಕಂಬಗಳ್ಳಿಯ ಹಣ್ಣು ಒಣಗಿಸುತ್ತ ಕೂತಿದ್ದ. ಎಲ್ಲ ಕೇಳಿದವನು ಕೈಯಲ್ಲಿದ್ದ ಹಣ್ಣು ಕೆಳಗಿಟ್ಟ.

"ಅವನು ದಾರ ಕಟ್ಟಿದ್ದು ಸರಿ. ಮಾತು ಹೇಳಿದ್ದು ಸರಿ. ಆಮೇಲೆ ಮಾಡಿದ್ದು ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ತಾತ. ಹೆದರಿಕೆ."

"ಹೂಂ. ಕಾಲು ಮುರಿದದ್ದು ಒಂದು. ಹಿಡಿದಿಟ್ಟದ್ದು ಎರಡು. ಅವನ ಕೈಯಲ್ಲೇ ಉಪವಾಸ ಸತ್ರೆ ಅದು ಮೂರನೇದು. ಮೂರನೇದಕ್ಕೆ ನನ್ನ ಹತ್ರ ಹಾಡಿಲ್ಲಮ್ಮಾ. ಎಲ್ಲಿಂದ ತಂದ್ನೋ ಅಲ್ಲಿಗೇ ಒಯ್ದು ಬಿಡು ಅನ್ನು."

ಆಂಬ್ರೋಸಿಗೆ ಹೇಳಿದೆ. "ಬಿಟ್ರೆ ಸಾಯುತ್ತೆ ಅಕ್ಕ, ಓಡೋಕೆ ಕಾಲಿಲ್ಲ. ಇಟ್ಕೊಂಡ್ರೆ ಮುನಿಸ್ಕೊಳ್ಳುತ್ತೆ. ಕಾಲು ಕೂಡಿಕೊಳ್ಳೋವರೆಗೆ ಇರ್ಲಿ. ಅಷ್ಟೇ. ಅಷ್ಟು ದಿನ ತಿನ್ನಿಸ್ತೀನಿ" ಅಂದ. ನಾನೂ ಇರಲಿ ಅಂದೆ. ನನಗೂ ಬೇರೆ ದಾರಿ ಕಾಣಲಿಲ್ಲ.

ಆಮೇಲೆ ಇರುವೆಯೇ ಸಿಗದಂತಾಯಿತು. ಜಾಲಿ ಮರದ ಆಚೆಯ ಗೂಡಿಗೆ ಪಕ್ಕದ ಮನೆಯವರು ಪೆಟ್ರೋಲ್ ಸುರಿದು ಬೆಂಕಿ ಕೊಟ್ಟರು, ಅವರ ಮೊಮ್ಮಗಳಿಗೆ ಕುಟುಕಿತ್ತಂತೆ. ಹಳ್ಳದ ಬದಿಯ ಗೂಡು ನೀರು ಬಂದು ಮುಚ್ಚಿಹೋಯಿತು. ಆಂಬ್ರೋಸ್ ಗ್ರೇಡರಿನಲ್ಲೇ ಕಾಫಿ ಡಬ್ಬಿ ಇಟ್ಟುಕೊಂಡು ದಾರಿಯುದ್ದಕ್ಕೂ ಇಳಿದು ಹುಡುಕುತ್ತಿದ್ದ. ರಸ್ತೆ ಕೆಲಸ ಹಿಂದೆ ಬಿತ್ತು. "ಆಂಬ್ರೋಸ್ ರಸ್ತೆ ಮುಗಿಸೋ ಹೊತ್ತಿಗೆ ಮುಂದಿನ ಮಳೆಗಾಲ" ಅಂತ ಜನ ಆಡಿಕೊಂಡರು. ಎಷ್ಟೋ ಸಂಜೆ ಡಬ್ಬಿಯ ತಳದಲ್ಲಿ ನಾಲ್ಕಾರು ಇರುವೆ ಇರುತ್ತಿದ್ದವು, ಅಷ್ಟೇ. ಓತಿಯ ಪಕ್ಕೆಗಳು ಒಳಗೆ ಹೋದವು. ಸೊಂಟದ ಮೂಳೆ ಎದ್ದು ಕಂಡಿತು.

ಅದು ಸೊರಗುವುದಕ್ಕೂ ಲೊರೆಟಳ ಪಾದ ಊದುವುದಕ್ಕೂ ಸರಿಹೋಯಿತು. ಬಸುರಿಯರ ಪಾದ ಊದುವುದು ಹೊಸದೇನಲ್ಲ, ನಾನೇ ಎಷ್ಟು ಕಂಡಿಲ್ಲ. ಆದರೂ ಅವಳು "ಯಾಕೋ ಇವತ್ತು ಮಗು ಒದೀಲಿಲ್ಲಕ್ಕ" ಅಂದ ದಿನ ನಾನು ರೊಟ್ಟಿ ಹಿಟ್ಟು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ. ಓತಿ ಕಣ್ಣು ಮುಚ್ಚಿಕೊಂಡಿತ್ತು. ಕಡ್ಡಿಯಿಂದ ಮುಟ್ಟಿದೆ. ಕಣ್ಣು ತೆರೆಯಿತು. ಒಳಗೆ ಬಂದರೆ ಲೊರೆಟ, "ಹಾಂ, ಈಗ ಒದೀತು" ಅನ್ನುತ್ತಿದ್ದಾಳೆ. ಊರಿಗೆಲ್ಲ ಧೈರ್ಯ ಹೇಳುವವಳು ನಾನು. ಒಲೆಯ ಮುಂದೆ ಕೂತು ಗೋಡೆ ಹಿಡಿದುಕೊಂಡೆ.

"ಏನಕ್ಕ, ಬೆವರ್ತಾ ಇದ್ದೀಯ?" ಅಂದಳು.

"ಒಲೆ ಮುಂದೆ ಕೂತ್ರೆ ಬೆವರದೆ ಹಿಮ ಬೀಳುತ್ತಾ?" ಅಂತ ಗದರಿದೆ.

ಬಿಸಿಲು ಇಳಿಮುಖವಾದ ತಿಂಗಳು ಅದು. ಒಂದು ಮಧ್ಯಾಹ್ನ ನಾನು ಬಟ್ಟೆ ಹರವುತ್ತಿದ್ದೆ. ಆಂಬ್ರೋಸ್ ಅವತ್ತು ಬೇಗ ಬಂದು ಪಿಕಪ್ಪಿನಿಂದ ಡಬ್ಬಿ ಇಳಿಸುತ್ತಿದ್ದ. ಹಿತ್ತಲಲ್ಲಿ ನಮ್ಮ ನಾಯಿ ಪಿಂಟೊ ಒಂದೇ ಸಮ ಗುರುಗುಡುತ್ತಿತ್ತು. ತಗಡು ಉರುಳಿದ ಸದ್ದು. "ಏಯ್, ಹಚಾ!" ಅಂತ ಲೊರೆಟಳ ದನಿ. ಆಮೇಲೆ ಅವಳು ಕಿರುಚಿದಳು ನೋಡಿ, ಆ ಕಿರುಚು ಇನ್ನೂ ನನ್ನ ಕಿವಿಯಲ್ಲಿದೆ.

ಓಡಿಹೋದೆ. ಲೊರೆಟ ನೆಲಕ್ಕೆ ಕುಸಿದು ಕೂತಿದ್ದಳು. ಲಂಗದ ಮುಂಭಾಗದಲ್ಲಿ, ತೊಡೆಯ ಮೇಲೆ, ಹಸಿ ರಕ್ತ. ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡು, "ಅಕ್ಕ, ಹೋಯ್ತು ಅಕ್ಕ, ಇದೂ ಹೋಯ್ತು" ಅನ್ನುತ್ತಿದ್ದಳು. ನನ್ನ ಹಿಂದೆ ಡಬ್ಬಿ ಬಿದ್ದ ಸದ್ದಾಯಿತು. ತಿರುಗಿದರೆ ಆಂಬ್ರೋಸ್ ಗೋಡೆಗೆ ಒರಗಿ ಜಾರುತ್ತಿದ್ದ, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಿದ್ದ ಡಬ್ಬಿಯಿಂದ ಇರುವೆಗಳು ಅವನ ಕಾಲ ಮೇಲೆಲ್ಲ ಹರಿಯುತ್ತಿದ್ದವು.

ನನ್ನ ಕೈ ತನ್ನ ಕೆಲಸ ಮಾಡಿತು. ಅವಳ ಲಂಗ ಎತ್ತಿದೆ. ಒಳಗೆ ಒಣಗಿತ್ತು. ಮತ್ತೆ ನೋಡಿದೆ. ಒಣಗಿತ್ತು! ರಕ್ತ ಹೊರಗಿನಿಂದ ಬಿದ್ದದ್ದು, ಸಾಲಾಗಿ, ಪಿಚಕಾರಿಯಿಂದ ಹಾರಿಸಿದ ಹಾಗೆ. ಉರುಳಿದ ಬಾನಿಯ ಪಕ್ಕ ಪಿಂಟೊ ಮೂತಿ ನೆಲಕ್ಕೆ ಉಜ್ಜಿಕೊಂಡು ಕುಂಯ್‌ಗುಟ್ಟುತ್ತಿತ್ತು. ಅದರ ಮುಂದೆ ಓತಿ ಮೈ ಉಬ್ಬಿಸಿಕೊಂಡು ನಿಂತಿತ್ತು. ಎರಡೂ ಕಣ್ಣಿನ ಅಂಚಿನಲ್ಲಿ ರಕ್ತ.

"ನಿಂದಲ್ಲ ಕಣೇ!" ಅಂದೆ. "ನಿಂದಲ್ಲ, ನೋಡಿಲ್ಲಿ, ನಿಂದಲ್ಲ!" ಅವಳಿಗೆ ಅರ್ಥವಾಗುವ ತನಕ ಅದನ್ನೇ ಹೇಳಿದೆ. ನಾಯಿಗೆ ಹೆದರಿದರೆ ಕೊಂಬಿನ ಓತಿ ಕಣ್ಣಿಂದ ರಕ್ತ ಚಿಮ್ಮಿಸುವುದು ನಮಗೆ ಗೊತ್ತಿಲ್ಲದ್ದಲ್ಲ. ಲೊರೆಟ ನಾಯಿಯನ್ನು ಎಳೆಯಲು ಮಧ್ಯೆ ಬಗ್ಗಿದ್ದಳು. ಅಷ್ಟೇ. ಅಷ್ಟೇ ಅಂತ ಈಗ ಹೇಳುತ್ತೇನೆ. ಅವತ್ತು ಆಂಬ್ರೋಸಿಗೆ ಎಚ್ಚರವಾದ ಕೂಡಲೇ ಅವನು ಅಂದದ್ದು, "ನನ್ನ ರಕ್ತ ಕುಡಿ ಅಂದಿದ್ದೆ. ವಾಪಸ್ ಕೊಟ್ಟಿತು. ಇವಳ ಮೇಲೇ ಕೊಟ್ಟಿತು."

ಲೊರೆಟ ಕುತ್ತಿಗೆಯ ಕೆಂಪು ದಾರವನ್ನು ನೋಡಿದಳು, ತಿರುಚಿದ ಕಾಲು ನೋಡಿದಳು, ಗಂಡನ ಊದಿದ ಬೆರಳು ನೋಡಿದಳು. ಹೇಳುವುದೇ ಬೇಕಾಗಲಿಲ್ಲ, ತಾತ ಅಂದದ್ದನ್ನಷ್ಟೇ ನಾನು ಬಾಯಿಬಿಟ್ಟೆ.

"ನನ್ನ ಹೊಟ್ಟೆ ವಿಷಯ. ಊರಿನ ತಾತಂಗೂ ಗೊತ್ತು, ನನ್ನ ಅಕ್ಕಂಗೂ ಗೊತ್ತು. ನಂಗೆ ಮಾತ್ರ ಗೊತ್ತಿಲ್ಲ. ಅಲ್ವಾ?" ಅಂದಳು. ಇಬ್ಬರೂ ತಲೆ ತಗ್ಗಿಸಿದೆವು. "ಏಳಿ. ಗಾಡಿ ತೆಗಿ. ಎಲ್ಲಿಂದ ತಂದ್ಯೋ ಅಲ್ಲಿಗೆ."

"ಲೊರೆಟ, ಅದು ಓಡಲ್ಲ, ಸತ್ತು..."

"ತೆಗಿ ಅಂದೆ."

ರಕ್ತದ ಲಂಗದಲ್ಲೇ ಪಿಕಪ್ಪಿನಲ್ಲಿ ನಮ್ಮಿಬ್ಬರ ನಡುವೆ ಕೂತಳು, ಮಡಿಲಲ್ಲಿ ಓತಿ ಇದ್ದ ಡಬ್ಬಿ. ಗಾಡಿ ಕುಲುಕಿದಾಗಲೆಲ್ಲ ಆಂಬ್ರೋಸ್ ಬಿಕ್ಕುತ್ತಿದ್ದ.

ಆ ಜಾಗದಲ್ಲಿ ಒಂದು ಒಳ್ಳೆಯ ಗೂಡು ಸಿಕ್ಕಿತು, ಇರುವೆಗಳ ದಾರಿ ಪೊದೆಯವರೆಗೂ ಇತ್ತು. ಲೊರೆಟ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತು ಓತಿಯನ್ನು ಆ ದಾರಿಯ ಪಕ್ಕ ಇಟ್ಟಳು. ದಾರ ಹಾಗೇ ಇರಲಿ ಅಂದಳು. ಆಮೇಲೆ ಎದುರು ಮನೆಯ ಹಿರಿಯನ ಜೊತೆ ಜಗಳ ಬಗೆಹರಿಸುವ ಹಾಗೆ ಮಾತಾಡಿದಳು. "ಮುತ್ತಜ್ಜ, ನಿನ್ನ ಕಾಲು ಮುರಿದೋನು ಇವನೇ. ಹಿಡಿದಿಟ್ಟೋನೂ ಇವನೇ. ನಿಂಗೆ ತಿನ್ನಿಸಿದೋನೂ ಇವನೇ, ಅವನ ಕೈ ನೋಡು. ಲೆಕ್ಕ ಕೇಳೋವಾಗ ಎಲ್ಲಾನೂ ಸೇರಿಸಿ ಕೇಳು. ಅರ್ಧ ಹಿಡ್ಕೊಂಡು ನನ್ನ ಮಗೂನ ಕೇಳ್ಬೇಡ."

ಓತಿ ಅಲ್ಲಾಡಲಿಲ್ಲ. ಇರುವೆಗಳು ಅದರ ಬೆನ್ನ ಮೇಲೆ ಹತ್ತತೊಡಗಿದವು. ಹಿಂಡು ಹಿಂಡಾಗಿ ಹತ್ತಿದರೆ ಬಲವಾದ ಓತಿಯೂ ಉಳಿಯುವುದಿಲ್ಲ. ಆಂಬ್ರೋಸ್ ಮುಂದೆ ಬಾಗಿದ, ಲೊರೆಟ ಅವನ ತೋಳು ಹಿಡಿದು ನಿಲ್ಲಿಸಿದಳು. ನಾನು ಮೇರಿಮಾತೆಯನ್ನೂ ಕರೆದೆ, ಸಿಪ್ರಿಯಾನೊ ತಾತನ ಹಾಡಿನ ಅರ್ಧ ಸಾಲನ್ನೂ ಹೇಳಿದೆ, ಯಾರು ಮೊದಲು ಕೇಳುತ್ತಾರೋ ಯಾರಿಗೆ ಗೊತ್ತು. ಇರುವೆಗಳು ಅದರ ಮುಖದವರೆಗೂ ಬಂದವು.

ಆಗ ತಲೆ ಸ್ವಲ್ಪ ಓರೆಯಾಯಿತು. ಟಪ್. ಮತ್ತೆ ಟಪ್. ಮೈ ಕೊಡವಿಕೊಂಡಿತು, ಇನ್ನೊಂದು ತಿಂದಿತು. ಆಮೇಲೆ ಮೂರು ಕಾಲಲ್ಲಿ ನಡೆದುಕೊಂಡು ಪೊದೆಯೊಳಗೆ ಹೋಯಿತು. ಮರಳಿನ ಮೇಲೆ ಎಳೆದ ಕಾಲಿನ ಗೆರೆ ಪೊದೆಯವರೆಗೂ ಇತ್ತು. ಆಂಬ್ರೋಸ್ ಅದನ್ನೇ ನೋಡುತ್ತ ನಿಂತುಬಿಟ್ಟ, ನಾವೇ ಕೈಹಿಡಿದು ಕರೆತಂದೆವು.

ಚಳಿ ಶುರುವಾದಾಗ ಲೊರೆಟಳಿಗೆ ನೋವು ಬಂತು. ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಂಬ್ರೋಸ್ ಹೊರಗಿನ ಬೆಂಚಿನ ಮೇಲೆ ಖಾಲಿ ಕಾಫಿ ಡಬ್ಬಿ ಹಿಡಿದು ಕೂತಿದ್ದ. ಯಾಕೆ ತಂದೆ ಅಂತ ನಾನು ಕೇಳಲಿಲ್ಲ. ಬೆಳಗಿನ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು, ಗಟ್ಟಿ ಗಂಟಲು. ಅವನು ಎದ್ದು ನಿಂತ, ಮತ್ತೆ ಕೂತ.

ನರ್ಸು ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಗಂಡು. ತಲೆ ತುಂಬ ಕಪ್ಪು ಕೂದಲು. ನಾನು ಹೆಂಗಸರೆಲ್ಲ ಮಾಡುವ ಹಾಗೆ ಬೆರಳು ಎಣಿಸಲು ಬಟ್ಟೆ ಸರಿಸಿದೆ. ಕೈ ಸರಿ. ಬಲಗಾಲು ಸರಿ. ಎಡಪಾದ ಒಳಮುಖವಾಗಿ ತಿರುಚಿಕೊಂಡಿತ್ತು.

ತಕ್ಷಣ ಬಟ್ಟೆ ಮುಚ್ಚಿಬಿಟ್ಟೆ. ನರ್ಸು, "ಎಷ್ಟೋ ಮಕ್ಕಳಿಗೆ ಹೀಗಿರುತ್ತೆ, ಪಟ್ಟಿ ಹಾಕಿ ನಿಧಾನಕ್ಕೆ ಸರಿ ಮಾಡ್ತಾರೆ" ಅಂತೇನೋ ಹೇಳುತ್ತಿದ್ದಳು. ನನಗೆ ಅರ್ಧ ಕೇಳಿಸಲಿಲ್ಲ. ಇದನ್ನು ನೋಡಿದರೆ ಅವನು ಇಲ್ಲೇ ಎದೆ ಒಡೆದು ಸಾಯುತ್ತಾನೆ, ಅದೊಂದೇ ನನ್ನ ತಲೆಯಲ್ಲಿ.

"ಕೊಡಕ್ಕ" ಅಂದ ಆಂಬ್ರೋಸ್.

"ಆಮೇಲೆ ಕೊಡ್ತೀನಿ, ಚಳಿ ಇದೆ."

"ಕೊಡು." ಡಬ್ಬಿ ಬೆಂಚಿನ ಮೇಲಿಟ್ಟು ನನ್ನ ತೋಳಿನಲ್ಲಿದ್ದ ಹಾಗೇ ಬಟ್ಟೆ ಬಿಡಿಸಿದ. ಆ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ.

"ಎಡಗಾಲು" ಅಂದ.

"ಬಾಯಿ ಮುಚ್ಚು, ಆಂಬ್ರೋಸ್. ನಿನ್ನ ಕಾಲು ಹಿಡಿತೀನಿ, ಏನೂ ಹೇಳ್ಬೇಡ."

"ಮುತ್ತಜ್ಜಂದೂ ಎಡಗಾಲೇ ಅಲ್ವಾ ಅಕ್ಕ?" ಅವನ ದನಿ ಸಣ್ಣಗಿತ್ತು, ಆದರೆ ಒಡೆದಿರಲಿಲ್ಲ. "ಆದ್ರೂ ನಡೀತಲ್ಲ. ನೀನೂ ನೋಡಿದ್ಯಲ್ಲ. ಇರುವೆ ಮೇಲೆ ಹತ್ತಿದ್ರೂ ತಿನ್ಕೊಂಡು, ಎಳ್ಕೊಂಡು, ಪೊದೆ ತನಕ ನಡೀತಲ್ಲ."

ಕೂಸು ಬಾಯಿ ತೆರೆದು ಅಳಲು ಶುರುಮಾಡಿತು. ಆಂಬ್ರೋಸ್ ಅದನ್ನು ನನ್ನಿಂದ ತೆಗೆದುಕೊಂಡ. ಪಾದಕ್ಕೆ ಮತ್ತೆ ಬಟ್ಟೆ ಸುತ್ತಿದ.

"ಹಸಿದಿದಾನೆ" ಅಂದ. "ಲೊರೆಟ ಎದ್ದಿದಾಳಾ ನೋಡು. ಮೊದಲು ಹೊಟ್ಟೆಗೆ ಕೊಡೋಣ."